ಶ್ರೀಪಾದದ ಕೆಳಜಗಲಿ



ಧಮ್ಮ ಬಂಧುಗಳೇ, ಇಂದಿನ ವಿಷಯ ‘ವಿರಿಯ’. ಅಷ್ಟಾಂಗ ಮಾರ್ಗದಲ್ಲಿ ಸಮ್ಮಾ ವಾಯಾಮ ಎಂದು ಓದುತ್ತೇವಲ್ಲ, ಅದರ ಒಡಹುಟ್ಟಿದ ಮಾತು ಇದು. ಪುಸ್ತಕದ ವ್ಯಾಖ್ಯೆ ನಿಮಗೆಲ್ಲ ಗೊತ್ತಿರುವುದರಿಂದ ಈ ಸಲ ಒಂದು ಬೆಟ್ಟವನ್ನು ಮುಂದಿಟ್ಟುಕೊಂಡು ಯೋಚಿಸೋಣ.

ಏಪ್ರಿಲ್ ರಜೆಯಲ್ಲಿ ನಾವು ಆರು ಜನ ಶ್ರೀಲಂಕಾಕ್ಕೆ ಹೋಗಿದ್ದೆವು. ನಾಲ್ಕು ದಿನ ಕಡಲು, ತೆಂಗಿನ ತೋಟ, ಮೀನಿನ ಊಟ. ಐದನೆಯ ರಾತ್ರಿ ಶ್ರೀಪಾದ ಬೆಟ್ಟ. ಎತ್ತರ 2,243 ಮೀಟರ್. ನಲ್ಲತಣ್ಣಿ ಎಂಬ ಊರಿನಿಂದ ಹತ್ತಿದರೆ ಸುಮಾರು 5,500 ಮೆಟ್ಟಿಲು. ಡಿಸೆಂಬರ್ ಹುಣ್ಣಿಮೆಯಿಂದ ವೈಶಾಖ ಹುಣ್ಣಿಮೆಯವರೆಗೆ ಯಾತ್ರೆಯ ಕಾಲ. ಸೂರ್ಯೋದಯಕ್ಕೆ ಮೇಲಿರಬೇಕೆಂದು ಜನ ರಾತ್ರಿಯೇ ಹತ್ತುತ್ತಾರೆ. ನಾವು ಹೊರಟಿದ್ದು ಒಂದೂವರೆಗೆ.

ಮೊದಲ ಒಂದು ಗಂಟೆ ಸಲೀಸು. ಜಪಾನಿ ಭಿಕ್ಷುಗಳು ಕಟ್ಟಿದ ಶಾಂತಿ ಸ್ತೂಪ ದಾಟಿದ ಮೇಲೆ ಬೆಟ್ಟ ತನ್ನ ನಿಜರೂಪ ತೋರಿಸಿತು. ಮೆಟ್ಟಿಲುಗಳು ಒಂದೇ ಅಳತೆಯವಲ್ಲ. ಒಂದು ಗೇಣು, ಇನ್ನೊಂದು ಮೊಳ. ಮಂಡಿ ನಡುಗುತ್ತದೆ, ನಿಂತರೆ ಬೆವರು ತಣ್ಣಗಾಗಿ ಚಳಿ ಹಿಡಿಯುತ್ತದೆ. ತಲೆಯೆತ್ತಿದರೆ ದೀಪದ ಸಾಲು ನೇರ ಆಕಾಶಕ್ಕೇ ಹೋದಂತೆ ಕಾಣುತ್ತದೆ. ಅದನ್ನು ನೋಡಿದರೆ ಎದೆ ಒಡೆಯುತ್ತದೆ. ಹಾಗಾಗಿ ನಾನು ಮುಂದಿನ ಮೂರು ಮೆಟ್ಟಿಲಷ್ಟೇ ನೋಡುತ್ತಾ ಹೋದೆ. ಎಂಬತ್ತು ದಾಟಿರಬಹುದಾದ ಅಜ್ಜಿಯೊಬ್ಬರು ಬರಿಗಾಲಲ್ಲಿ, ಮೊಮ್ಮಗನ ಹೆಗಲು ಹಿಡಿದು, ನನ್ನನ್ನು ಹಿಂದಿಕ್ಕಿ ಹೋದರು. ಎದುರಾದವರು ಪರಸ್ಪರ ‘ಕರುಣಾವಯಿ’ ಎನ್ನುತ್ತಾರೆ. ಕರುಣೆ ಇರಲಿ ಎಂದು. ಗುರುತಿಲ್ಲದವರಿಗೆ ಹೇಳುವ ಇಷ್ಟು ಚೆಂದದ ಮಾತು ನಾನು ಬೇರೆಲ್ಲೂ ಕೇಳಿಲ್ಲ.

ಮೇಲೆ ಏನಿದೆ? ಸುಮಾರು ಆರಡಿ ಉದ್ದದ ಪಾದದ ಗುರುತು. ಬೌದ್ಧರಿಗೆ ಅದು ಬುದ್ಧರದು, ತಮಿಳು ಹಿಂದೂಗಳಿಗೆ ಶಿವನದು, ಮುಸಲ್ಮಾನರಿಗೆ ಆದಮನದು. ಬುದ್ಧರು ಆರಡಿ ಪಾದದವರಲ್ಲ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಾನು ಅಲ್ಲಿ ಹರಕೆ ಹೊರಲಿಲ್ಲ, ನಗಲೂ ಇಲ್ಲ. ಒಂದು ಮೂಲೆಯಲ್ಲಿ ಕುಳಿತು ತಿಸರಣ, ಪಂಚಶೀಲ ಹೇಳಿಕೊಂಡೆ. ಸೂರ್ಯ ಹುಟ್ಟಿದಾಗ ಬೆಟ್ಟದ ನೆರಳು ಪಶ್ಚಿಮದ ಮಂಜಿನ ಮೇಲೆ ಅಳತೆ ಹಿಡಿದು ಕೊಯ್ದ ತ್ರಿಕೋನದಂತೆ ಬಿತ್ತು.

ಈಗ ಅಧ್ಯಯನದ ಮುಖ್ಯ ಭಾಗಕ್ಕೆ ಬರುತ್ತೇನೆ.

ಇದೇ ಸೀಮೆಯ ಅಂಬಗಮುವದಲ್ಲಿ ಅರಸ ಒಂದನೇ ವಿಜಯಬಾಹುವಿನ ಬಂಡೆಶಾಸನವಿದೆ. 11ನೇ ಶತಮಾನದಲ್ಲಿ ಪಟ್ಟಕ್ಕೆ ಬಂದ ಈ ಅರಸ ಶ್ರೀಪಾದದ ಯಾತ್ರಿಕರ ಊಟೋಪಚಾರಕ್ಕೆ ಊರುಗಳನ್ನೇ ಬಿಟ್ಟುಕೊಟ್ಟವನು. ಅದೇ ಶಾಸನ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ: ಪಾದದ ಜಗಲಿಯ ಕೆಳಗೆ ಇನ್ನೊಂದು ಜಗಲಿ ಕಟ್ಟಿಸಿದ, ಕೀಳುಜಾತಿಯವರು ಅಲ್ಲಿ ನಿಂತು ಪೂಜಿಸಲೆಂದು. ಅದೇ ಚಳಿಯಲ್ಲಿ ಅದೇ ಬೆಟ್ಟ ಹತ್ತಿ ಬಂದವನು ಕೊನೆಯ ಕೆಲವು ಅಡಿ ಹತ್ತುವಂತಿಲ್ಲ. ಬುದ್ಧರ ಹೆಸರಿನ ಬೆಟ್ಟದ ಮೇಲೆ! ಉದಾರಿ ಅರಸನ ಕೈಯಲ್ಲೇ ಆದ ಕೆಲಸ ಇದು.

ಅದು ಅಲ್ಲಿಗೇ ಮುಗಿಯಲಿಲ್ಲ. 18ನೇ ಶತಮಾನದಲ್ಲಿ ಅಲ್ಲಿನ ಸಿಯಾಮ್ ನಿಕಾಯ ಗೊವಿಗಮ ಎಂಬ ಒಕ್ಕಲು ಜಾತಿಗೆ ಮಾತ್ರ ಉಪಸಂಪದೆ ಕೊಡುವ ಸ್ಥಿತಿಗೆ ಬಂತು. ಉಳಿದ ಜಾತಿಯ ಶ್ರಾಮಣೇರರು ಸುಮ್ಮನೆ ಕೂರಲಿಲ್ಲ, ಹಡಗು ಹತ್ತಿ ಬರ್ಮಾಕ್ಕೆ ಹೋಗಿ ದೀಕ್ಷೆ ಪಡೆದು 1803ರಲ್ಲಿ ಮರಳಿ ಬಂದರು. ಅದೇ ಅಮರಪುರ ನಿಕಾಯ. ನನ್ನ ಕೇಳಿದರೆ ವಿರಿಯಕ್ಕೆ 5,500 ಮೆಟ್ಟಿಲಿಗಿಂತ ದೊಡ್ಡ ಉದಾಹರಣೆ ಇದು.

ಬೆಟ್ಟದ ಬುಡದ ಚಹಾ ತೋಟಗಳನ್ನೂ ನೋಡಿ. ಅಲ್ಲಿ ಎಲೆ ಕೀಳುವವರು ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನಿಂದ ಒಯ್ದವರ ಮಕ್ಕಳು, ಮೊಮ್ಮಕ್ಕಳು. ಬಹಳಷ್ಟು ಮಂದಿ ನಮ್ಮವರೇ, ದಲಿತರು. 1948ರ ಕಾಯ್ದೆ ಅವರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಒಪ್ಪಂದದಲ್ಲಿ 5,25,000 ಜನರನ್ನು ಭಾರತಕ್ಕೆ ಕಳಿಸುವುದೆಂದು ಲೆಕ್ಕ ಹಾಕಿದರು. ಹಾಗೆ ಬಂದವರಲ್ಲಿ ಕೆಲವರು ನಮ್ಮ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ನೆಲೆಸಿದರು. ನಾನು ಆ ಕಡೆ ಕೆಲಸದಲ್ಲಿದ್ದಾಗ ಅವರ ಮಕ್ಕಳಿಗೆ ಕನ್ನಡ ಕಲಿಸಿದ್ದೇನೆ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು. ಕಾಗುಣಿತ ಮಾತ್ರ ಊರಿನ ಮಕ್ಕಳಿಗಿಂತ ಚೊಕ್ಕ.

ಬಾಬಾಸಾಹೇಬರು 1950ರಲ್ಲಿ ವಿಶ್ವ ಬೌದ್ಧ ಸಮ್ಮೇಳನಕ್ಕಾಗಿ ಸಿಲೋನಿಗೆ ಹೋದವರು ಉತ್ಸವ ನೋಡಿ ಮರಳಲಿಲ್ಲ. ಕೊಲಂಬೊದ ಟೌನ್ ಹಾಲ್‌ನಲ್ಲಿ ಅಲ್ಲಿನ ಅಸ್ಪೃಶ್ಯರಿಗೆ ಬೌದ್ಧ ಧಮ್ಮಕ್ಕೆ ಬನ್ನಿ ಎಂದು ಕರೆಕೊಟ್ಟರು. ಅಲ್ಲಿನ ಬೌದ್ಧರಿಗೂ ಹೇಳಿದರು, ಇವರನ್ನು ನಿಮ್ಮವರೆಂದು ಸೇರಿಸಿಕೊಳ್ಳಿ ಎಂದು. ಎರಡನೆಯ ಮಾತನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ದೇಶ ಬೌದ್ಧವಾದ ಮಾತ್ರಕ್ಕೆ ಜಾತಿ ಹೋಗಿರುವುದಿಲ್ಲ ಎಂದು ತಿಳಿದೇ ಅವರು ಹಾಗೆ ಹೇಳಿದ್ದು.

ಇಂದು ಶ್ರೀಪಾದದಲ್ಲಿ ಯಾರ ಜಾತಿಯನ್ನೂ ಯಾರೂ ಕೇಳುವುದಿಲ್ಲ. ನಾನು, ಆ ಅಜ್ಜಿ, ತೋಟದ ಹುಡುಗರ ಒಂದು ಗುಂಪು, ಎಲ್ಲರೂ ಒಂದೇ ಸಾಲಿನಲ್ಲಿ ನಿಂತು ಗಂಟೆ ಬಾರಿಸಿದೆವು. ಎಷ್ಟು ಸಲ ಹತ್ತಿದ್ದೀರೋ ಅಷ್ಟು ಸಲ ಬಾರಿಸುವುದು ವಾಡಿಕೆ. ನನ್ನದು ಒಂದೇ ಏಟು. ಅಜ್ಜಿಯದು ಎಣಿಸಲಾಗಲಿಲ್ಲ.

ಇನ್ನು ನಮ್ಮ ಮನೆಯ ಮಾತು. ಕಳೆದ ವಾರ ವಧೂವರರ ಗುಂಪಿನಲ್ಲಿ ಮೂರು ಬಯೋಡೇಟಾ ಬಂದವು. ಮೂರರಲ್ಲೂ ಧರ್ಮ: ಬೌದ್ಧ. ಎರಡರಲ್ಲಿ ಅದರ ಕೆಳಗೆ ಇನ್ನೊಂದು ಸಾಲು: ಒಂದು ಬಲಗೈಯವರೇ ಬೇಕು ಎಂದಿತ್ತು, ಇನ್ನೊಂದು ಎಡಗೈಯವರೇ ಆಗಬೇಕು ಎಂದಿತ್ತು. ಇದೂ ಒಂದು ಕೆಳಜಗಲಿಯೇ ಅಲ್ಲವೇ? ಕಟ್ಟಿದವರು ಈ ಸಲ ಅರಸರಲ್ಲ.

ಭಾನುವಾರದ ಸಭೆಯಲ್ಲಿ 22 ಪ್ರತಿಜ್ಞೆಗಳನ್ನು ಓದಿದ ನಂತರ ಈ ಎರಡು ಸಾಲುಗಳ ಬಗ್ಗೆಯೇ ಚರ್ಚೆ ಇಟ್ಟುಕೊಳ್ಳೋಣ. ಮದುವೆ ವಯಸ್ಸಿಗೆ ಬಂದ ಮಕ್ಕಳಿರುವ ತಾಯಿ ತಂದೆಯರು ದಯವಿಟ್ಟು ಬನ್ನಿ, ಮಕ್ಕಳನ್ನೂ ಕರೆತನ್ನಿ. ಅವರು ಏನು ಹೇಳುತ್ತಾರೋ ಮೊದಲು ಕೇಳೋಣ.

ಕರುಣಾವಯಿ. ಜೈ ಭೀಮ್.