ಶಾಸಕಾಂಗ ಸಮಿತಿಯ ಮುಂದೆ ಗೆಲ್ಲಲು ಎಂಟು ಸೂತ್ರಗಳು

ಡಿ.ಸಿ. ಆಫೀಸಿನ ಮುಂದೆ ಧರಣಿ, ಕೈಯಲ್ಲೊಂದು ಮನವಿ, ಮರುದಿನ ಪೇಪರಿನಲ್ಲೊಂದು ಫೋಟೊ. ಶಿವಮೊಗ್ಗ, ಭದ್ರಾವತಿಯ ಎಷ್ಟೋ ಹೋರಾಟಗಳು ಇಷ್ಟಕ್ಕೇ ನಿಂತುಬಿಡುತ್ತವೆ. ತುಂಗೆ ಸೇರುವ ಕೊಳಚೆ, ಅಕೇಶಿಯಾ ನೆಡುತೋಪು, ಮುಚ್ಚಿದ ಕಾರ್ಖಾನೆ, ಅಗೆದು ಬಿಟ್ಟ ರಸ್ತೆ ಇವುಗಳ ಲೆಕ್ಕ ಕೇಳುವ ಇನ್ನೊಂದು ಜಾಗವಿದೆ. ಅದು ಶಾಸಕಾಂಗದ ಸಮಿತಿ. ಪತ್ರಕರ್ತರ ಫೋನ್ ಎತ್ತದ ಅಧಿಕಾರಿಯೂ ಸಮಿತಿ ಕರೆದರೆ ಕಡತ ಹಿಡಿದು ಬರಬೇಕು. ಆದರೆ ಅಲ್ಲಿ ಗಟ್ಟಿ ದನಿಗಿಂತ ಸರಿಯಾದ ಕಾಗದಕ್ಕೇ ಬೆಲೆ ಹೆಚ್ಚು.

1. ಮೊದಲು ಮಾಲೀಕರು ಯಾರೆಂದು ತಿಳಿಯಿರಿ

ಭದ್ರಾವತಿಯ ಎರಡು ಹೆಸರಾಂತ ಕಾರ್ಖಾನೆಗಳಿಗೂ ಭದ್ರೆಯೇ ಆಸರೆ, ಆದರೆ ಯಜಮಾನರು ಬೇರೆ. ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್ 1998ರಲ್ಲಿ ಕೇಂದ್ರದ ಸೇಲ್ ಸಂಸ್ಥೆಯಲ್ಲಿ ವಿಲೀನವಾಯಿತು. ಅದನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂದದ್ದೂ ಸೇಲ್‌ನಿಂದಲೇ. ಅದರ ಪ್ರಶ್ನೆ ಸಂಸತ್ತಿನ ಕಲ್ಲಿದ್ದಲು, ಗಣಿ ಮತ್ತು ಉಕ್ಕು ಸ್ಥಾಯಿ ಸಮಿತಿಗೆ ಹೋಗಬೇಕು. 1936ರಲ್ಲಿ ಹುಟ್ಟಿದ ಕಾಗದದ ಕಾರ್ಖಾನೆ ಎಂಪಿಎಂ ರಾಜ್ಯದ್ದು. ಅದರ ಲೆಕ್ಕ ಕೇಳಬೇಕಾದದ್ದು ವಿಧಾನಮಂಡಲದ ಸಾರ್ವಜನಿಕ ಉದ್ದಿಮೆಗಳ ಸಮಿತಿ. ಉಕ್ಕಿನ ಅರ್ಜಿಯನ್ನು ವಿಧಾನಸೌಧಕ್ಕೆ ಕೊಟ್ಟರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

2. ದುಡ್ಡು ಯಾರದು, ಅನುಮತಿ ಯಾರದು ಕೇಳಿ

ಒಂದೇ ಯೋಜನೆಗೆ ಎರಡು ವಿಳಾಸ ಇರಬಹುದು. 2,000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ರಾಜ್ಯದ ವಿದ್ಯುತ್ ನಿಗಮವಾದ ಕೆಪಿಸಿಯದು. ಆದರೆ ಸಿಂಗಳೀಕಗಳ ಅಭಯಾರಣ್ಯಕ್ಕೆ ಸಂಬಂಧಿಸಿದ ಅನುಮತಿಗಳು ದೆಹಲಿಯ ಮೇಜಿನ ಮೇಲಿರುತ್ತವೆ. ಖರ್ಚಿನ ಪ್ರಶ್ನೆ ಬೆಂಗಳೂರಿಗೆ, ಅರಣ್ಯ ಅನುಮತಿಯ ಪ್ರಶ್ನೆ ಸಂಸತ್ತಿನ ಪರಿಸರ ಸ್ಥಾಯಿ ಸಮಿತಿಗೆ. ಎರಡನ್ನೂ ಒಂದೇ ಹಾಳೆಯಲ್ಲಿ ಕಲಸಬೇಡಿ.

3. ಕೆಲಸಕ್ಕೆ ತಕ್ಕ ಸಮಿತಿ ಹಿಡಿಯಿರಿ

ಸಂಸತ್ತಿನಲ್ಲಿ ಇಲಾಖಾವಾರು ಸ್ಥಾಯಿ ಸಮಿತಿಗಳು 24. ಒಂದೊಂದರಲ್ಲೂ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರು. ವಿಧಾನಸೌಧದಲ್ಲಿ ನಿಮಗೆ ಹೆಚ್ಚು ಬೇಕಾಗುವ ಸಮಿತಿಗಳು ಇವು: ಸಿಎಜಿ ವರದಿ ಹಿಡಿದು ಆಗಿಹೋದ ಖರ್ಚು ಕೆದಕಲು ಸಾರ್ವಜನಿಕ ಲೆಕ್ಕಪತ್ರ ಸಮಿತಿ, ಬಜೆಟ್ ಅಂದಾಜು ನೋಡಲು ಅಂದಾಜುಗಳ ಸಮಿತಿ, ಪಾಲಿಕೆ ಮತ್ತು ಪಂಚಾಯಿತಿಗಳಿಗೆ ಸ್ಥಳೀಯ ಸಂಸ್ಥೆಗಳ ಸಮಿತಿ. ಲೆಕ್ಕಪತ್ರ ಸಮಿತಿಗೆ ವಿರೋಧ ಪಕ್ಷದವರೇ ಅಧ್ಯಕ್ಷರಾಗುವುದು ರೂಢಿ. ನಿಮ್ಮ ಶಾಸಕರು ಆಡಳಿತ ಪಕ್ಷದವರಲ್ಲದಿದ್ದರೂ ಇಲ್ಲಿ ದಾರಿ ಉಂಟು.

4. ಮಂತ್ರಿಯ ಮಾತನ್ನು ಬರೆದಿಟ್ಟುಕೊಳ್ಳಿ

ಸದನದಲ್ಲಿ ಸಚಿವರು ‘ಕ್ರಮ ಕೈಗೊಳ್ಳಲಾಗುವುದು’ ಅಂದರೆ ಅದು ಭರವಸೆಯಾಗುತ್ತದೆ. ಅದನ್ನು ಬೆನ್ನಟ್ಟುವುದಕ್ಕೇ ಸರ್ಕಾರಿ ಭರವಸೆಗಳ ಸಮಿತಿ ಇರುವುದು. ಸಂಸತ್ತಿನಲ್ಲಾದರೆ ಈಡೇರಿಸಲು ಮೂರು ತಿಂಗಳ ಗಡುವೂ ಉಂಟು. ಹಾಗಾಗಿ ಶಾಸಕರ ಕೈಗೆ ಹರಿತವಾದ ಪ್ರಶ್ನೆ ಕೊಡಿ. ‘ತುಂಗಾ ಮಾಲಿನ್ಯ ತಡೆಯಲು ಸರ್ಕಾರ ಏನು ಮಾಡುತ್ತಿದೆ?’ ಎಂದು ಕೇಳಿದರೆ ಸಿಗುವುದು ಭಾಷಣ. ‘ಶಿವಮೊಗ್ಗ ನಗರದಲ್ಲಿ ದಿನಕ್ಕೆ ಹುಟ್ಟುವ ಕೊಳಚೆ ನೀರೆಷ್ಟು? ಶುದ್ಧೀಕರಣ ಆಗುವುದೆಷ್ಟು? ಉಳಿದದ್ದು ಯಾವ್ಯಾವ ಚರಂಡಿಯಿಂದ ಹೊಳೆಗೆ ಬೀಳುತ್ತದೆ? ಯಾವ ತಿಂಗಳೊಳಗೆ ನಿಲ್ಲುತ್ತದೆ?’ ಎಂದು ಕೇಳಿ. ಈ ನಾಲ್ಕನೆಯ ಪ್ರಶ್ನೆಗೆ ಬರುವ ಉತ್ತರವೇ ಮುಂದೆ ನಿಮ್ಮ ಆಯುಧ.

5. ಅವರದೇ ದಾಖಲೆ ಹಿಡಿದು ಹೋಗಿ

ನೀವು ಬಾಟಲಿಯಲ್ಲಿ ಹಿಡಿದು ತಂದ ಕಪ್ಪು ನೀರಿಗಿಂತ ಸರ್ಕಾರದ ವರದಿಯ ಒಂದು ಪುಟ ಹೆಚ್ಚು ತೂಗುತ್ತದೆ. 1974ರ ಜಲ ಕಾಯ್ದೆಯ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯ ವಾರ್ಷಿಕ ವರದಿ ಹಣಕಾಸು ವರ್ಷ ಮುಗಿದ ಒಂಬತ್ತು ತಿಂಗಳೊಳಗೆ ಶಾಸಕಾಂಗದ ಮುಂದೆ ಬರಬೇಕು. ಬಂದಿದೆಯೇ ನೋಡಿ. ತಡವಾಗಿದ್ದರೆ ಅದೇ ಒಂದು ದೂರು. ಮಂಡಿಸಿದ ಕಾಗದ ಪತ್ರಗಳನ್ನು ನೋಡಿಕೊಳ್ಳಲೂ ಒಂದು ಸಮಿತಿ ಇದೆ. ಸಿಗದ ದಾಖಲೆಗೆ ಮಾಹಿತಿ ಹಕ್ಕು ಅರ್ಜಿ ಹಾಕಿ.

6. ಗಡುವು ಮುಗಿಯುವ ಮುನ್ನ ಎದ್ದೇಳಿ

ಎಂಪಿಎಂಗೆ ನೆಡುತೋಪಿಗೆಂದು ಮಲೆನಾಡಿನ ಸಾವಿರಾರು ಹೆಕ್ಟೇರ್ ಅರಣ್ಯ ಭೂಮಿ ಗುತ್ತಿಗೆಗೆ ಸಿಕ್ಕಿದ್ದು 1980ರಲ್ಲಿ, 40 ವರ್ಷಕ್ಕೆ. ಮುಗಿಯುವ ವರ್ಷ 2020 ಎಂದು ಮೊದಲ ದಿನವೇ ಗೊತ್ತಿತ್ತು. ಆದರೂ ಮಲೆನಾಡಿನಲ್ಲಿ ದೊಡ್ಡ ಕೂಗು ಎದ್ದದ್ದು ನವೀಕರಣದ ಸುದ್ದಿ ಬಂದ ಮೇಲೆ. ಕಾರ್ಖಾನೆ ನಿಂತಿದ್ದರೂ ಗುತ್ತಿಗೆ ಮುಂದುವರಿಯಿತು. ಮಸೂದೆಗಳ ಕಥೆಯೂ ಇದೇ. ಅರಣ್ಯ ಸಂರಕ್ಷಣಾ ತಿದ್ದುಪಡಿ ಮಸೂದೆ 2023ರ ಮಾರ್ಚ್‌ನಲ್ಲಿ ಮಂಡನೆಯಾಗಿ ಜಂಟಿ ಸಮಿತಿಗೆ ಹೋಯಿತು. ಪರಿಸರ ಸ್ಥಾಯಿ ಸಮಿತಿಯ ಅಧ್ಯಕ್ಷರಾಗಿದ್ದವರು ಕರ್ನಾಟಕದ ರಾಜ್ಯಸಭಾ ಸದಸ್ಯ ಜೈರಾಂ ರಮೇಶ್. ತಮ್ಮ ಸಮಿತಿಯನ್ನು ಬಿಟ್ಟು ಬೇರೆಡೆಗೆ ಕಳಿಸಿದ್ದನ್ನು ಅವರು ಆಕ್ಷೇಪಿಸಿದರು. ಜುಲೈನಲ್ಲಿ ವರದಿ ಬಂತು, ಮಸೂದೆ ಇದ್ದ ಹಾಗೇ ಉಳಿಯಿತು. ಸಮಿತಿಗಳು ಜಾಹೀರಾತು ಕೊಟ್ಟು ಸಾರ್ವಜನಿಕರ ಅಭಿಪ್ರಾಯ ಕೇಳುವುದು ಸಾಮಾನ್ಯವಾಗಿ 15 ದಿನಗಳ ಮಟ್ಟಿಗೆ. ಟಿಪ್ಪಣಿ ಮೊದಲೇ ಸಿದ್ಧವಿರಲಿ.

7. ಅರ್ಜಿ ಚಿಕ್ಕದಾಗಿರಲಿ, ಬೇಡಿಕೆ ಒಂದೇ ಇರಲಿ

ವಿಧಾನಸಭೆಯ ಅರ್ಜಿಗಳ ಸಮಿತಿಗೆ ಉಪಸಭಾಧ್ಯಕ್ಷರೇ ಅಧ್ಯಕ್ಷರು. ಸದನಕ್ಕೆ ಒಪ್ಪಿಸುವ ಅರ್ಜಿಗೆ ಸದಸ್ಯರೊಬ್ಬರ ಮೇಲುಸಹಿ ಬೇಕು. ಕೋರ್ಟಿನಲ್ಲಿರುವ ವಿಷಯ ನಡೆಯುವುದಿಲ್ಲ, ಬೈಗುಳವಂತೂ ಬೇಡವೇ ಬೇಡ. ಎರಡು ಪುಟ ಸಾಕು: ಜಾಗ, ಸರ್ವೆ ನಂಬರ್, ಆದೇಶದ ತಾರೀಖು, ಆದ ನಷ್ಟ, ಕೊನೆಗೆ ಒಂದೇ ಬೇಡಿಕೆ. ಸಮಿತಿ ಜಿಲ್ಲೆಗೆ ಬಂದಾಗಲೂ ಇದೇ ಎರಡು ಪುಟ ಕೈಯಲ್ಲಿರಲಿ, ಜೊತೆಗೊಂದು ನಕ್ಷೆ. ಅಧಿಕಾರಿಗಳು ಹೊಸ ಪಾರ್ಕು ತೋರಿಸಲು ಹೊರಟರೆ, ‘ಅಲ್ಲಿಂದ ಅರ್ಧ ಕಿಲೋಮೀಟರ್ ಮುಂದೆ ಈ ಚರಂಡಿ ಇದೆ ಸಾರ್, ಒಮ್ಮೆ ನೋಡಿ’ ಎನ್ನಲು ನಕ್ಷೆಯೇ ಬೇಕು.

8. ವರದಿ ಬಂದ ದಿನ ಪಟಾಕಿ ಹೊಡೆಯಬೇಡಿ

2013ರಿಂದ 2016ರವರೆಗೆ ವಿಧಾನಸಭೆಯ ಅಧ್ಯಕ್ಷ ಕಾಗೋಡು ತಿಮ್ಮಪ್ಪ, ಪರಿಷತ್ತಿನ ಸಭಾಪತಿ ಡಿ.ಎಚ್. ಶಂಕರಮೂರ್ತಿ. ಎರಡು ಪೀಠಗಳಲ್ಲೂ ನಮ್ಮ ಜಿಲ್ಲೆಯವರೇ. ಪೀಠದಲ್ಲಿ ನಮ್ಮವರಿದ್ದರೆ ಹೆಮ್ಮೆ ಸರಿ, ಆದರೆ ಸಮಿತಿಯ ಶಿಫಾರಸು ಆದೇಶವಲ್ಲ. ಬೆಂಗಳೂರಿನ ಭೂ ಒತ್ತುವರಿ ಬಗ್ಗೆ ಎ.ಟಿ. ರಾಮಸ್ವಾಮಿ ಸಮಿತಿ, ಕೆರೆಗಳ ಬಗ್ಗೆ ಕೆ.ಬಿ. ಕೋಳಿವಾಡ ಸಮಿತಿ ಬೆವರು ಸುರಿಸಿ ವರದಿ ಕೊಟ್ಟವು. ಒತ್ತುವರಿ ಮಾತ್ರ ಇಂದಿಗೂ ಸುದ್ದಿಯಲ್ಲಿದೆ. ಹಾಗಾಗಿ ವರದಿ ಬಂದ ಕೂಡಲೇ ಶಿಫಾರಸುಗಳ ಪಟ್ಟಿ ಮಾಡಿ. ಪ್ರತಿಯೊಂದರ ಎದುರು ಇಲಾಖೆ, ಗಡುವು, ಆದ ಕ್ರಮ ಬರೆಯಿರಿ. ಪ್ರತಿ ಅಧಿವೇಶನಕ್ಕೆ ಮುಂಚೆ ಖಾಲಿ ಉಳಿದ ಸಾಲುಗಳನ್ನು ಶಾಸಕರಿಗೆ ಪ್ರಶ್ನೆಯಾಗಿ ಕೊಡಿ. ಕೊಟ್ಟ ಪ್ರತಿಗೆ ಸ್ವೀಕೃತಿ ಪಡೆಯುವುದನ್ನು ಮಾತ್ರ ಮರೆಯಬೇಡಿ.