ಭತ್ತದ ಗದ್ದೆಯಲ್ಲಿ ಪಾಚಿಯ ಹತೋಟಿ

ಅಂಕೋಲಾ ತಾಲೂಕಿನ ಶೆಟಗೇರಿಯಂಥ ಕರಾವಳಿಯ ಹಳ್ಳಿಗಳಲ್ಲಿ ನಾಟಿಯ ನಂತರ ಮಳೆ ನಾಲ್ಕು ದಿನ ಬಿಡುವು ಕೊಟ್ಟು ಬಿಸಿಲು ಬಿದ್ದರೆ, ನಿಂತ ನೀರಿನ ಮೇಲೆ ಹಸಿರು ಪಾಚಿ ಹಚ್ಚಡದಂತೆ ಹರಡುತ್ತದೆ. ಬೇಸಿಗೆ ಭತ್ತದಲ್ಲಿ ಇದರ ಕಾಟ ಇನ್ನೂ ಹೆಚ್ಚು. ಜಡಿಮಳೆಯಲ್ಲಿ ಕೊಚ್ಚಿಹೋಗುವ ಪಾಚಿಗೆ ಆಗ ನಿಶ್ಚಲ ನೀರು, ಬಿಸಿಲು, ಗೊಬ್ಬರ ಮೂರೂ ಒಟ್ಟಿಗೆ ಸಿಗುತ್ತವೆ.

ಎಲ್ಲ ಪಾಚಿಯೂ ಶತ್ರುವಲ್ಲ. ನೀಲಿ-ಹಸಿರು ಪಾಚಿ ಗಾಳಿಯ ಸಾರಜನಕವನ್ನು ಹಿಡಿದು ಗದ್ದೆಗೆ ಕೊಡುತ್ತದೆಂಬುದನ್ನು ಪಿ. ಕೆ. ಡೇ ಎಂಬ ವಿಜ್ಞಾನಿ 1939ರಲ್ಲಿಯೇ ತೋರಿಸಿದ್ದರು. ಇದು ಕಪ್ಪು ಛಾಯೆಯ ಲೋಳೆಯಾಗಿ ಅಥವಾ ಚಿಕ್ಕ ಉಂಡೆಗಳಾಗಿ ಕಾಣುತ್ತದೆ. ಕಾಟ ಕೊಡುವುದು ಸ್ಪೈರೋಗೈರಾ ಮೊದಲಾದ ಎಳೆಪಾಚಿಗಳು. ಕೈಗೆತ್ತಿಕೊಂಡರೆ ಒದ್ದೆ ಹತ್ತಿಯಂತೆ ಉದ್ದ ಎಳೆಗಳು ಜಾರುತ್ತವೆ. ಔಷಧಿಗೆ ಕೈ ಹಾಕುವ ಮುಂಚೆ ಈ ಪರೀಕ್ಷೆಯನ್ನು ತಪ್ಪದೆ ಮಾಡಬೇಕು.

ಹಾನಿ ಹೇಗೆ?

ಹಗಲು ಪಾಚಿ ಬಿಡುವ ಆಮ್ಲಜನಕದ ಗುಳ್ಳೆಗಳು ಎಳೆಗಳ ನಡುವೆ ಸಿಕ್ಕಿಕೊಂಡು ಪಾಚಿಯ ಚಾಪೆಯನ್ನು ಮೇಲಕ್ಕೆತ್ತುತ್ತವೆ. ಬೇರೂರದ ಸಸಿಗಳು ಅದರೊಡನೆ ಕಿತ್ತು ಬರುತ್ತವೆ. ಉಳಿದವು ಅದರಡಿ ಮಲಗುತ್ತವೆ. ಇದು ಕಣ್ಣಿಗೆ ಕಾಣುವ ನಷ್ಟ. ಕಾಣದ ನಷ್ಟ ಇದಕ್ಕಿಂತ ದೊಡ್ಡದೆಂದು ನನ್ನ ಅಭಿಪ್ರಾಯ. ಪಾಚಿ ನೀರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುವುದರಿಂದ ಮಧ್ಯಾಹ್ನದ ಹೊತ್ತಿಗೆ ನೀರಿನ ರಸಸಾರ 9ನ್ನು ದಾಟಬಹುದು. ಅಂಥ ನೀರಿಗೆ ಎರಚಿದ ಯೂರಿಯಾದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಬೆಳೆ ಹಳದಿಯಾಯಿತೆಂದು ಮತ್ತೆ ಯೂರಿಯಾ ಎರಚುವ ರೈತರು ಹಣ ಕಳೆದುಕೊಳ್ಳುವುದು ಇಲ್ಲಿಯೇ.

ಹತೋಟಿ

ರಂಜಕವುಳ್ಳ ಗೊಬ್ಬರವನ್ನು ನಿಂತ ನೀರಿನ ಮೇಲೆ ಎರಚುವುದೆಂದರೆ ಪಾಚಿಯನ್ನು ಸಾಕಿದಂತೆ. ಸೂಪರ್ ಫಾಸ್ಫೇಟ್ ಅಥವಾ ಡಿ.ಎ.ಪಿ.ಯನ್ನು ಕೊನೆಯ ಕೆಸರು ಉಳುಮೆಯಲ್ಲಿ ಮಣ್ಣಿಗೆ ಸೇರಿಸಬೇಕು. ಯೂರಿಯಾ ಕೊಡುವ ಮುಂಚೆ ನೀರು ಬಸಿದು, ಕೊಟ್ಟ ಮಾರನೆಯ ದಿನ ನೀರು ಕಟ್ಟಬೇಕು.

ಪಾಚಿ ಬಂದಿದ್ದರೆ ಮೊದಲು ಅದನ್ನು ಕೋಲಿನಿಂದಲೋ ಹಲುಬೆಯಿಂದಲೋ ಬದುವಿಗೆ ಎಳೆದು ಹಾಕಿರಿ. ಆಮೇಲೆ ಎರಡು ಮೂರು ದಿನ ನೀರು ಬಸಿಯಿರಿ. ಈ ಕ್ರಮವನ್ನು ಹಿಂದುಮುಂದು ಮಾಡಬಾರದು. ಪಾಚಿ ಇರುವಾಗಲೇ ನೀರು ತೆಗೆದರೆ ಅದು ಎಳೆಯ ಸಸಿಗಳ ಮೇಲೆ ಕೂತು ಒಣಗಿ ಅಂಟಿಕೊಳ್ಳುತ್ತದೆ. ಎಳೆದು ತೆಗೆದ ಪಾಚಿ ತೆಂಗಿನ ಬುಡಕ್ಕೆ ಒಳ್ಳೆಯ ಗೊಬ್ಬರ. ಸತ್ತ ಸಸಿಗಳ ಜಾಗವನ್ನು ಬೇಗ ತುಂಬಿರಿ. ಪೈರು ಒತ್ತಾಗಿ ನೆರಳು ಬಿದ್ದ ಮೇಲೆ ಪಾಚಿ ತಾನಾಗಿಯೇ ಹಿಮ್ಮೆಟ್ಟುತ್ತದೆ. ಮೊದಲೇ ಅಜೋಲಾ ಬಿಟ್ಟರೆ ಆ ನೆರಳು ಇನ್ನೂ ಬೇಗ ಸಿಗುತ್ತದೆ.

ನೀರು ಬಸಿಯಲು ಅನುಕೂಲವಿಲ್ಲದ ತಗ್ಗು ಗದ್ದೆಗಳಲ್ಲಿ ಮಾತ್ರ ಮೈಲುತುತ್ತ ಬಳಸಬಹುದು. ಎಕರೆಗೆ 1 ಕಿ.ಗ್ರಾಂ. ಮೈಲುತುತ್ತವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ನೀರು ಒಳಬರುವ ಬಾಯಿಯಲ್ಲಿ ತೂಗುಬಿಡಬೇಕು. ಕಬ್ಬಿಣದ ಪಾತ್ರೆ ಬೇಡ. ಒಂದು ಎಕರೆಯಲ್ಲಿ 5 ಸೆಂ.ಮೀ. ನೀರೆಂದರೆ ಸುಮಾರು 2 ಲಕ್ಷ ಲೀಟರ್. ಆದ್ದರಿಂದ ಲೀಟರಿಗೆ 5 ಮಿಲಿಗ್ರಾಂನಷ್ಟು ಮೈಲುತುತ್ತ ಬೆರೆಯುತ್ತದೆ. ಇಷ್ಟು ಕಡಿಮೆಯೇ ಎನ್ನಬೇಡಿ. ನಮ್ಮ ಕರಾವಳಿಯ ಮೆದು ನೀರಿನಲ್ಲಿ ಮೀನು ಸಾಯಲು ಇದು ಧಾರಾಳ ಸಾಕು. ಮೂರು ನಾಲ್ಕು ದಿನ ಆ ನೀರನ್ನು ಕೆಳಗಿನ ಗದ್ದೆಗಾಗಲಿ ಹಳ್ಳಕ್ಕಾಗಲಿ ಬಿಡಬಾರದು. ಗಜನಿ ಭೂಮಿಯಲ್ಲಿ ಇದರ ಬಳಕೆ ಸರ್ವಥಾ ಕೂಡದು. ಅಲ್ಲಿ ಭತ್ತದಷ್ಟೇ ಬೆಲೆ ಸಿಗಡಿಗೂ ಮೀನಿಗೂ ಇದೆ, ಅವುಗಳ ಮೇವಿನಲ್ಲಿ ಪಾಚಿಯದೂ ಪಾಲಿದೆ. ತಾಮ್ರ ಮಣ್ಣಿನಲ್ಲಿ ಉಳಿಯುವುದರಿಂದ ಪ್ರತಿ ವರ್ಷ ಹಾಕುವ ರೂಢಿಯೂ ಒಳ್ಳೆಯದಲ್ಲ.

ಮನೆಯ ಗಾಜಿನ ತೊಟ್ಟಿ

ಜಗಲಿಯ ಮೇಲೆ ಮಕ್ಕಳು ಮೀನು, ನೀರುಗಿಡ ಸಾಕುವ ಗಾಜಿನ ತೊಟ್ಟಿಗೂ ಇದೇ ನಿಯಮ. ಅಲ್ಲಿ ಗೊಬ್ಬರವೆಂದರೆ ತಿಂದುಳಿದ ಮೇವು. ಕೆಲವೇ ನಿಮಿಷಗಳಲ್ಲಿ ಮೀನು ತಿಂದು ಮುಗಿಸುವಷ್ಟೇ ಹಾಕಬೇಕು. ನೇರ ಬಿಸಿಲಿನಿಂದ ತೊಟ್ಟಿಯನ್ನು ಸರಿಸಿ, ದೀಪವನ್ನು ದಿನಕ್ಕೆ 6ರಿಂದ 8 ಗಂಟೆಗೆ ಇಳಿಸಿ, ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಸಾಕು. ಹೈಡ್ರಿಲ್ಲಾದಂಥ ಬೇಗ ಬೆಳೆಯುವ ಗಿಡ ಪಾಚಿಯ ಪಾಲಿನ ಆಹಾರವನ್ನು ತಾನೇ ಉಣ್ಣುತ್ತದೆ. ಗದ್ದೆಗೆ ತಂದು ಉಳಿದ ಮೈಲುತುತ್ತವನ್ನು ತೊಟ್ಟಿಗೆ ಚಿಟಿಕೆಯಷ್ಟೂ ಹಾಕಬೇಡಿ. ಅದನ್ನು ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ.