ಬ್ರೈಟನ್: ಕಡಲತೀರದ ವಿಹಾರ ಪಟ್ಟಣ

1. ಇಂಗ್ಲೆಂಡಿನ ದಕ್ಷಿಣ ಕರಾವಳಿ. ಮೊದಲು ಮೀನುಗಾರರ ಊರು, ಹಳೆಯ ಹೆಸರು ಬ್ರೈಟ್‌ಹೆಲ್ಮ್‌ಸ್ಟೋನ್.
2. 1750: ಸಮುದ್ರದ ನೀರೇ ಔಷಧವೆಂದ ವೈದ್ಯ ರಿಚರ್ಡ್ ರಸೆಲ್ ಗ್ರಂಥ. ಪಟ್ಟಣದ ಏಳಿಗೆ ಇಲ್ಲಿಂದ.
3. 1783: ಯುವರಾಜನ (ಮುಂದೆ 4ನೇ ಜಾರ್ಜ್) ಮೊದಲ ಭೇಟಿ. 1841: ಲಂಡನ್ ರೈಲು.
4. ರಾಯಲ್ ಪೆವಿಲಿಯನ್: ಈಗಿನ ರೂಪ ಜಾನ್ ನ್ಯಾಶ್‌ನದು (1815ರಿಂದ). ಹೊರಗೆ ಭಾರತೀಯ ಗುಮ್ಮಟ, ಒಳಗೆ ಚೀನೀ ಅಲಂಕಾರ. 1850ರಲ್ಲಿ ಪಟ್ಟಣದ ಆಸ್ತಿ.
5. ಭಾರತದ ನಂಟು:
 - ಪಟ್ನಾ ಮೂಲದ ಶೇಖ್ ದೀನ್ ಮಹಮ್ಮದ್: ಇಲ್ಲಿ ಚಂಪಿ–ಹಬೆ ಸ್ನಾನಗೃಹ ನಡೆಸಿದವರು, ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿದ ಮೊದಲ ಭಾರತೀಯ (1794).
 - 1914–16: ಪೆವಿಲಿಯನ್ ಗಾಯಾಳು ಭಾರತೀಯ ಸೈನಿಕರ ಆಸ್ಪತ್ರೆ.

ಗೊಂದಲ ಬೇಡ: ಬ್ರೈಟನ್‌ನಲ್ಲಿ ಈ ಸೈನಿಕರ ನೆನಪಿಗೆ ಎರಡು ಸ್ಮಾರಕಗಳಿವೆ, ಎರಡರ ವರ್ಷವೂ 1921. ಛತ್ರಿ – ಹಿಂದೂ, ಸಿಖ್ ಸೈನಿಕರ ದಹನಸ್ಥಳದಲ್ಲಿನ ಸ್ಮಾರಕ. ಅನಾವರಣ ವೇಲ್ಸ್ ರಾಜಕುಮಾರ. ಇಂಡಿಯಾ ಗೇಟ್ – ಪೆವಿಲಿಯನ್ ದ್ವಾರ. ಅನಾವರಣ ಪಟಿಯಾಲ ಮಹಾರಾಜ. ದೆಹಲಿಯ ಇಂಡಿಯಾ ಗೇಟ್ (1931) ಬೇರೆ.